ಕಾರ್ಡಿಗೆ ಕೂಗಿಲ್ಲ

ಗಂಟೆಯಕ್ಕ ತನ್ನ ಸೊಸೆಯನ್ನು ಮೊದಲ ಸಲ ನೋಡಿದ್ದು ಒಂದು ಭಾನುವಾರ ಮಧ್ಯಾಹ್ನ, ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ. ಹಾಗೆಂದು ಅವಳು ಎಷ್ಟೋ ಜನರಿಗೆ ಹೇಳಿದ್ದಾಳೆ, ಹೇಳುವಾಗ ಒಂದು ವಿವರವನ್ನೂ ಬಿಡುತ್ತಿರಲಿಲ್ಲ. ಮೆಟ್ಟಿಲು ಕಡಿದಾಗಿತ್ತು. ಮೆಟ್ಟಿಲ ಕಂಬಿಗೆ ಅಂದೇ ಬೆಳಗ್ಗೆ ಹಸಿರು ಬಣ್ಣ ಬಳಿದಿದ್ದರು. ಮಗ ಹಿಂದಿನಿಂದ "ಅಮ್ಮಾ, ಮುಟ್ಟಬೇಡ, ಬಣ್ಣ ಹಸಿ ಇದೆ" ಎನ್ನುವಷ್ಟರಲ್ಲಿ ಅವಳು ಅದನ್ನು ಹಿಡಿದು ಅರ್ಧ ಹತ್ತಿಯಾಗಿತ್ತು. ಮೇಲೆ ಬಾಗಿಲಲ್ಲಿ ಹುಡುಗಿಯ ತಾಯಿ ನಿಂತಿದ್ದಳು. ಹರಿದದ್ದನ್ನು ಹೊಲಿದು, ಬಿಗಿಯಾದದ್ದನ್ನು ಸಡಿಲಿಸಿ, ಉದ್ದವಾದದ್ದನ್ನು ಮೊಟಕು ಮಾಡಿಕೊಡುವ ದರ್ಜಿ ಕೆಲಸ ಆಕೆಯದು. ಪಿನ್ನು ಚುಚ್ಚುವ ಪುಟ್ಟ ಮೆತ್ತೆಯೊಂದನ್ನು ಎಡಗೈ ಮಣಿಕಟ್ಟಿಗೆ ಕಟ್ಟಿಕೊಂಡಿದ್ದಳು. ಬೀಗರಾಗಬಹುದಾದವರು ಬರುವ ದಿನವೂ ಅದನ್ನು ಬಿಚ್ಚಿಡುವುದು ನೆನಪಾಗಿರಲಿಲ್ಲ.

"ಅಯ್ಯೋ, ನೋಡಿ ಇಲ್ಲಿ! ಸಂಬಂಧ ಕುದುರೋಕೆ ಮುಂಚೇನೇ ನಿಮ್ಮ ಮನೆ ಬಣ್ಣ ನಂಗೆ ಅಂಟ್ಕೊಂಡುಬಿಡ್ತು!" ಎಂದು ಗಂಟೆಯಕ್ಕ ಹಸಿರು ಅಂಗೈ ತೋರಿಸಿ ನಕ್ಕಳು.

ಒಳಗೆ ಅಡುಗೆಮನೆಯಲ್ಲಿ ಚಮಚವೊಂದು ನೆಲಕ್ಕೆ ಬಿದ್ದ ಸದ್ದಾಯಿತು.

ಸ್ವಲ್ಪ ಹೊತ್ತಿಗೆ ಹುಡುಗಿ ಚಹಾ ತಂದಳು. ಬಡಕಲು ಮೈ, ಎತ್ತಿ ಕಟ್ಟಿದ ಕೂದಲು, ಉಗುರುಗಳನ್ನು ಒಪ್ಪವಾಗಿ ಕತ್ತರಿಸಿಕೊಂಡ ಬೆರಳುಗಳು. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಟ್ರೇ ಮೇಲಿನ ನಾಲ್ಕು ಕಪ್ಪುಗಳಲ್ಲೂ ಚಹಾ ತುಳುಕಿ ಸಾಸರಿಗೆ ಇಳಿದಿತ್ತು. ದಿನವೂ ಜನರ ತೋಳಿಗೆ ಸೂಜಿ ಹಾಕುವ ಕೈ ಹೀಗೆ ನಡುಗುವುದುಂಟೇ ಎಂದು ಗಂಟೆಯಕ್ಕನಿಗೆ ಮೋಜೆನಿಸಿತು.

"ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲಾ," ಎಂದಳು ದರ್ಜಿಯತ್ತ ತಿರುಗಿ.

"ಒಂದೇ ಊರಲ್ಲಿ ಇದ್ದ ಮೇಲೆ ಎಲ್ಲಾದ್ರೂ ನೋಡಿರ್ತೀರಿ ಬಿಡಿ," ಎಂದು ದರ್ಜಿ ಮೆತ್ತೆಯ ಪಿನ್ನೊಂದನ್ನು ಕಿತ್ತು ಮತ್ತೆ ಅಲ್ಲೇ ಚುಚ್ಚಿದಳು.

ಇಳಿದು ಬರುವಾಗ ಗಂಟೆಯಕ್ಕ ಮಗನ ಬೆನ್ನು ತಟ್ಟಿದಳು. "ಒಳ್ಳೇ ಹುಡುಗಿ ಕಣೋ. ನನ್ನ ನೋಡಿದ್ರೆ ಚೂರು ಭಯ ಇದೆ. ಇರ್ಲಿ, ಅಷ್ಟಿರಬೇಕು."

"ನಿನ್ನ ನೋಡಿ ಅಲ್ಲಮ್ಮ, ಕೇಳಿ," ಎಂದ ಮಗ.

ಅವನ ಮಾತಿಗೆ ಅವಳು ಬೀದಿಗೆಲ್ಲ ಕೇಳುವಂತೆ ನಕ್ಕಿದ್ದಳು. ದನಿಯ ವಿಷಯ ಯಾರೇ ಎತ್ತಿದರೂ ಅವಳಿಗೆ ಹೊಗಳಿದ ಹಾಗೆಯೇ ಆಗುತ್ತಿತ್ತು. ಅನ್ನ ಕೊಟ್ಟ ದನಿ ಅದು.

ಗಂಡ ತೀರಿಕೊಂಡ ಹೊಸತು. ಪುಟ್ಟ ಮಗನನ್ನು ಕಟ್ಟಿಕೊಂಡು ಅವಳು ಕೆಲಸ ಹುಡುಕುತ್ತಿದ್ದ ಕಾಲದಲ್ಲಿ, ಒಂದು ದಿನ ರಸ್ತೆಯ ಆಚೆ ಬದಿಗೆ ಓಡಿಹೋದ ಮಗನನ್ನು ಇಲ್ಲಿಂದಲೇ ಕೂಗಿ ನಿಲ್ಲಿಸಿದಳು. ಬಸ್ಸು, ಲಾರಿ, ಹಾರ್ನುಗಳನ್ನೆಲ್ಲ ಸೀಳಿಕೊಂಡು ಹೋದ ಆ ಕೂಗು, ಮನೆಸಾಮಾನಿನ ದೊಡ್ಡ ಅಂಗಡಿಯ ಯಜಮಾನರ ಕಿವಿಗೂ ಬಿತ್ತು. ಅವರು ಆಳು ಕಳಿಸಿ ಅವಳನ್ನು ಕರೆಸಿದರು.

ಯಜಮಾನರಿಗೆ ಆಗಲೇ ಕಣ್ಣು ಮಂಜು. ಅಂಗಡಿಯೊಳಗೆ ಅರ್ಧ ಅಟ್ಟ ಕಟ್ಟಿಸಿ, ಅದರ ಮೇಲೆ ಗಾಜಿನ ಕೋಣೆ ಮಾಡಿಸಿಕೊಂಡು ಕೂತಿರುತ್ತಿದ್ದರು. ಕೆಳಗಿನ ಗಲ್ಲಾದಲ್ಲಿ ಮೊದಲು ಇದ್ದವನು ಅವರ ಬಾಮೈದ. ಅವನು ಕೂತಷ್ಟು ಕಾಲ ಅವನ ಮನೆಗೆ ಹೊಸ ಸೋಫಾ ಬಂತು, ಹೊಸ ಟಿವಿ ಬಂತು; ಅಂಗಡಿಗೆ ನಷ್ಟ ಬಂತು. ಅವನನ್ನು ಕಳಿಸಿದ ಮೇಲೆ ಯಜಮಾನರು ಒಂದು ಪದ್ಧತಿ ಮಾಡಿದರು. ಗಲ್ಲಾದವರು ಗಿರಾಕಿಯಿಂದ ಎಷ್ಟು ತೆಗೆದುಕೊಂಡರು, ಎಷ್ಟು ವಾಪಸು ಕೊಟ್ಟರು ಎಂಬುದನ್ನು ಅಟ್ಟಕ್ಕೆ ಕೇಳುವಂತೆ ಕೂಗಿ ಹೇಳಬೇಕು. ಕಣ್ಣು ಹೋದರೇನು, ಕಿವಿಯಿಂದ ಲೆಕ್ಕ ಇಡುತ್ತೇನೆ ಎಂಬ ಹಟ.

"ಐನೂರು ಬಂತು! ಎಂಬತ್ತು ಹೋಯ್ತು!"

ಅಂಗಡಿಯಲ್ಲಿ ಇದಕ್ಕೆ 'ಕೂಗು' ಎಂದೇ ಹೆಸರು. ಗಿರಾಕಿ ತಂದ ದುಡ್ಡು ಸಾಲದೆ ಹೋದರೆ ಅದಕ್ಕೊಂದು ಕೂಗು. "ಇಪ್ಪತ್ತು ಕಮ್ಮಿ! ಬಾಣಲೆ ವಾಪಸ್!" ಆಗ ಸಾಮಾನು ಜೋಡಿಸುವವನು ಬಂದು ಅದನ್ನು ಎತ್ತಿಕೊಂಡು ಹೋಗಿ, ಕಪಾಟಿನಲ್ಲಿಟ್ಟು, ಅಲ್ಲಿಂದ "ವಾಪಸ್ ಬಂತು!" ಎನ್ನಬೇಕು. ಆ ಕೆಲಸದವನು ತುಂಬಾ ಎತ್ತರದ ಆಳು, ಮೇಲಿನ ಅರೆಯ ಸಾಮಾನನ್ನೂ ನಿಂತಲ್ಲಿಂದಲೇ ತೆಗೆಯುತ್ತಿದ್ದ. ಅವನಿಗೆ ಎಲ್ಲರೂ ಏಣಿಯಣ್ಣ ಎನ್ನುತ್ತಿದ್ದರು. ಗಂಟೆಯಕ್ಕ ಎಂಬ ಹೆಸರನ್ನು ಇಟ್ಟವನೂ ಅವನೇ.

ಮೊದಲ ದಿನ ಅವಳಿಗೆ ಬಾಯಿಯೇ ಬಂದಿರಲಿಲ್ಲ. ಯಾರದೋ ದುಡ್ಡನ್ನು ಊರಿಗೆಲ್ಲ ಕೇಳುವಂತೆ ಹೇಳುವುದು ಹೇಗೆ? ಮುದುಕನೊಬ್ಬ ಒಂದು ಟಾರ್ಚು ಕೊಳ್ಳಲು ಬಂದು ಜೇಬಿನ ಚಿಲ್ಲರೆಯನ್ನೆಲ್ಲ ಗಲ್ಲಾದ ಮೇಲೆ ಸುರಿದಿದ್ದ. ಅವಳು ಗಂಟಲಲ್ಲೇ ಏನೋ ಗೊಣಗಿದಳು. ಮೇಲಿನಿಂದ "ಏನು? ಕೇಳಿಸ್ಲಿಲ್ಲ!" ಎಂಬ ಗದರಿಕೆ ಬಂತು. ಏಣಿಯಣ್ಣ ಬಳಿ ಬಂದು, "ತಂಗಿ, ನಾಚಿಕೆಯನ್ನ ಮನೇಲಿ ಬಿಟ್ಟು ಬಾ. ಇದು ದುಡ್ಡು ಕೂಗೋದು ಅಂದ್ಕೋಬೇಡ, ಬಸ್ಸಿನ ಸ್ಟಾಪು ಕೂಗೋದು ಅಂದ್ಕೋ," ಎಂದ. ಅವಳು ಹಾಗೆಯೇ ಅಂದುಕೊಂಡಳು. ವಾರ ಕಳೆಯುವುದರಲ್ಲಿ ಕೂಗು ಸಲೀಸಾಯಿತು, ತಿಂಗಳು ಕಳೆಯುವುದರಲ್ಲಿ ಹೆಮ್ಮೆಯಾಯಿತು. ಬರಬರುತ್ತಾ ಅದರ ಜೊತೆಗೆ ತಮಾಷೆಯನ್ನೂ ಸೇರಿಸತೊಡಗಿದಳು. ಪೊರಕೆ ವಾಪಸಾದರೆ "ಮನೇಲಿ ಕಸ ಇಲ್ವಂತೆ, ಪುಣ್ಯವಂತರು!" ಎನ್ನುವಳು. ಸಾಲಿನಲ್ಲಿ ನಿಂತವರು ನಗುತ್ತಿದ್ದರು. ಹಗುರ ಮಾಡಿಬಿಟ್ಟೆ, ವಾಪಸು ಕೊಟ್ಟವರಿಗೂ ಬೇಜಾರಾಗಲಿಲ್ಲ ಎಂದು ಅವಳಿಗೆ ಸಮಾಧಾನ.

ಚೆಕ್ಕು ಕೊಡುವವರ ಪಾಡು ಬೇರೆ. ಅವಳು "ಚೆಕ್ಕು ಬರ್ತಿದೆ!" ಎಂದು ಕೂಗಿ ಅದನ್ನು ಅಟ್ಟದಿಂದ ಇಳಿಬಿಟ್ಟ ಬುಟ್ಟಿಗೆ ಹಾಕಿದರೆ, ಯಜಮಾನರು ಹಗ್ಗ ಎಳೆದು ಬುಟ್ಟಿಯನ್ನು ಮೇಲೆ ತೆಗೆದುಕೊಳ್ಳುತ್ತಿದ್ದರು. ಭೂತಗನ್ನಡಿ ಹಿಡಿದು ನೋಡಿ, ಬೇಕಾದರೆ ಬ್ಯಾಂಕಿಗೆ ಫೋನು ಮಾಡಿ, "ಆಗಲಿ" ಎನ್ನುವವರೆಗೆ ಗಿರಾಕಿ ಸಾಲಿನಿಂದ ಪಕ್ಕಕ್ಕೆ ನಿಂತು ಮೇಲೆ ನೋಡುತ್ತಿರಬೇಕು. ನಿವೃತ್ತ ಮೇಷ್ಟರೊಬ್ಬರಿಗೆ ಕೈ ನಡುಕವಿತ್ತು. "ಸಹಿ ಸರಿಯಾಗಿಲ್ಲ, ಇನ್ನೊಂದ್ಸಲ ಹಾಕ್ಸು!" ಎಂದು ಮೇಲಿನಿಂದ ಬರುತ್ತಿತ್ತು. ಗಂಟೆಯಕ್ಕ ಅದನ್ನೇ ಇನ್ನೂ ಸ್ಪಷ್ಟವಾಗಿ ಮೇಷ್ಟರಿಗೆ ಹೇಳುತ್ತಿದ್ದಳು, ಅವರಿಗೆ ಕಿವಿ ಮಂದವಿರಬಹುದೆಂದು. ಮೇಷ್ಟರ ಕಿವಿ ಚೆನ್ನಾಗಿಯೇ ಇತ್ತು.

ಆಮೇಲೆ ಕಾರ್ಡಿನ ಯಂತ್ರ ಬಂತು. ಬ್ಯಾಂಕಿನವನು ತಂದು ಗಲ್ಲಾದ ಮೇಲಿಟ್ಟು, ಹೀಗೆ ಉಜ್ಜಿ, ಹೀಗೆ ಒತ್ತಿ ಎಂದು ತೋರಿಸಿಹೋದ. ಗಂಟೆಯಕ್ಕನಿಗೆ ಹುಟ್ಟಿದ ಅನುಮಾನ ಒಂದೇ.

"ಯಜಮಾನ್ರೇ, ಕಾರ್ಡು ಕೊಟ್ರೆ ಏನಂತ ಕೂಗ್ಲಿ?"

ಯಜಮಾನರು ಗಾಜಿನ ಕಿಟಕಿ ಸರಿಸಿ ಕೆಳಗೆ ಬಗ್ಗಿದರು. "ಅದು ಸೀದಾ ಬ್ಯಾಂಕಿಗೇ ಹೋಗುತ್ತಂತಲ್ಲ. ಕದಿಯೋಕೆ ದುಡ್ಡೇ ಇಲ್ಲ. ಕಾರ್ಡಿಗೆ ಕೂಗಿಲ್ಲ ಬಿಡು."

ಮೊದಮೊದಲು ಕಾರ್ಡು ತರುತ್ತಿದ್ದವರು ಕಾರು ನಿಲ್ಲಿಸಿ ಬರುವವರು ಮಾತ್ರ. ಬರುಬರುತ್ತಾ ಎಲ್ಲರೂ ತಂದರು. ಇಸ್ತ್ರಿಪೆಟ್ಟಿಗೆಗೂ ಕಾರ್ಡು, ಕಾಲೊರೆಸಿಗೂ ಕಾರ್ಡು. ಸಹಿ ನಡುಗುವ ಮೇಷ್ಟರೂ ಒಂದು ಕಾರ್ಡು ತಂದು, ಯಂತ್ರದ ಮೇಲೆ ಕೈ ಮರೆಮಾಡಿ ನಿಧಾನವಾಗಿ ಅಂಕಿ ಒತ್ತಿ, ಯಾರ ಮುಖವನ್ನೂ ನೋಡದೆ ಹೋದರು. ಕೂಗು ಅಪರೂಪವಾಯಿತು. ಒಂದು ಬೆಳಗ್ಗೆ ಯಜಮಾನರು ಅವಳನ್ನು ಮೇಲೆ ಕರೆದರು.

"ನೋಡಮ್ಮಾ, ಮೇಲೆ ಕೂತ್ರೆ ನಿದ್ದೆ ಬರ್ತಿದೆ ನಂಗೆ. ಕೂಗೇ ಇಲ್ಲ. ಆ ಬ್ಯಾಂಕಿನೋರು ಒಂದೊಂದು ಕಾರ್ಡಿಗೂ ನನ್ನ ಜೇಬಿಂದ ಚೂರು ಚೂರು ಕತ್ತರಿಸ್ಕೊಳ್ತಾರೆ. ಜನಕ್ಕೆ ಏನಾಗಿದೆ? ಕೈಯಲ್ಲಿ ನೋಟಿದ್ರೂ ಕಾರ್ಡು ಯಾಕೆ ಕೊಡ್ತಾರೆ? ಕೇಳಿ ತಿಳ್ಕೊಂಡು ಬಂದು ಹೇಳು. ನೋಟು ವಾಪಸ್ ಬರೋ ಹಾಗಿದ್ರೆ ಸರಿ. ಇಲ್ಲಾಂದ್ರೆ ನನ್ನ ಅಣ್ಣನ ಮಗಳು ಸುಮ್ನೆ ಮನೇಲಿದಾಳೆ, ಅವಳನ್ನ ಕೂರಿಸ್ತೀನಿ. ಯಂತ್ರ ಒತ್ತೋಕೆ ನಿನ್ನಂಥ ದನಿ ಯಾಕೆ?"

ಅವಳು ಮೆಟ್ಟಿಲಿಳಿದು ಗಲ್ಲಾಕ್ಕೆ ಬಂದಳು. ಆ ಗಲ್ಲಾದ ಕುರ್ಚಿ ಬಿಟ್ಟರೆ ಅವಳಿಗೆ ತನ್ನದೆನ್ನುವ ಇನ್ನೊಂದು ಜಾಗವಿರಲಿಲ್ಲ. ಮನೆಯೀಗ ಸೊಸೆಯ ಕೈಗೆ ಹೋಗಿತ್ತು, ಮಗ ವೈರಿಂಗ್ ಕೆಲಸಕ್ಕೆಂದು ಊರೂರು ಸುತ್ತುತ್ತಿದ್ದ. ಕಾರಣವನ್ನು ಕಂಡುಹಿಡಿದೇ ತೀರಬೇಕೆಂದು ಅಂದಿನಿಂದಲೇ ಕೇಳಲು ಶುರುಮಾಡಿದಳು. ಕೇಳಿದ್ದೂ ತನ್ನ ಎಂದಿನ ದನಿಯಲ್ಲೇ.

"ಯಾಕಪ್ಪಾ ಕಾರ್ಡು? ನೋಟು ಕಚ್ಚುತ್ತಾ?"

"ಪಾಯಿಂಟ್ ಸಿಗುತ್ತೆ ಅಕ್ಕಾ," ಎಂದ ಒಬ್ಬ ಯುವಕ. "ಸುಮಾರು ಸೇರಿದ್ರೆ ಒಂದು ಸೂಟ್‌ಕೇಸ್ ಬರುತ್ತೆ."

"ಸೂಟ್‌ಕೇಸು ಅಲ್ಲಿ ನೇತಾಡ್ತಿದೆಯಲ್ಲೋ! ಅಷ್ಟು ದಿನ ಬಟ್ಟೆಯನ್ನ ಚೀಲದಲ್ಲಿ ಇಟ್ಕೊಂಡು ಕಾಯ್ತೀಯಾ?"

ಬಕೆಟ್ಟು ಕೊಂಡ ಗೃಹಸ್ಥನೊಬ್ಬ ಸುತ್ತ ನೋಡಿ ಹೇಳಿದ, "ನೋಟು ಕೊಟ್ರೆ ಸಂಜೇನೇ ಹೆಂಡ್ತಿ ಕೇಳ್ತಾಳೆ. ಕಾರ್ಡಾದ್ರೆ ತಿಂಗಳ ಕೊನೇಲಿ ಗೊತ್ತಾಗೋದು. ಅಷ್ಟೊತ್ತಿಗೆ ಬಕೆಟ್ಟು ಹಳೇದಾಗಿರುತ್ತೆ." ಆಸ್ಪತ್ರೆಯ ನರ್ಸು, ನೋಟು ಎಂಥೆಂಥ ಕೈ ದಾಟಿ ಬಂದಿರುತ್ತೋ ಎಂದು ಮುಖ ಸಿಂಡರಿಸಿದಳು. ಅಜ್ಜಿಯೊಬ್ಬಳು, "ಮಗ ಕೊಟ್ಟಿದಾನೆ. ದುಡ್ಡು ಅವನದು, ಒತ್ತೋದು ನಂದು," ಎಂದು ಬೊಚ್ಚುಬಾಯಿ ತೆರೆದಳು. ಇನ್ನೊಬ್ಬರಿಗೆ ಚಿಲ್ಲರೆ ತಾಪತ್ರಯ, ಮತ್ತೊಬ್ಬರಿಗೆ ಜೇಬುಗಳ್ಳರ ಹೆದರಿಕೆ. ಕೆಲವರು ಮಾತ್ರ ಏನೂ ಹೇಳದೆ, ಕಿವಿ ಕೆಂಪಗೆ ಮಾಡಿಕೊಂಡು, ಪೊಟ್ಟಣ ಎತ್ತಿಕೊಂಡು ಹೊರಟುಹೋದರು. ಅವರನ್ನು ಗಂಟೆಯಕ್ಕ ಸಿಡುಕಿನವರು ಎಂದುಕೊಂಡಳು.

ಪಾಯಿಂಟಿಗೆ, ಹೆಂಡತಿಗೆ, ಜೇಬುಗಳ್ಳರಿಗೆ ಅವಳಾದರೂ ಏನು ಮಾಡಿಯಾಳು? ಕೊನೆಗೆ ಒಂದು ಉಪಾಯ ಹೊಳೆಯಿತು. ಮನೆಯವರೇ ಮೊದಲು ನೋಟು ಕೊಡಲಿ.

ಭಾನುವಾರ ಮಧ್ಯಾಹ್ನ ತಾರಸಿಯ ಮೇಲೆ ಅತ್ತೆ ಸೊಸೆ ಇಬ್ಬರೂ ಒಣಗಿದ ಬೆಡ್‌ಶೀಟುಗಳನ್ನು ಮಡಿಸುತ್ತಿದ್ದರು. ಒಬ್ಬರು ಈ ತುದಿ, ಒಬ್ಬರು ಆ ತುದಿ. ಎಳೆದು ಕೊಡವಿ, ಹತ್ತಿರ ಬಂದು ಅಂಚಿಗೆ ಅಂಚು ಕೂಡಿಸಿ, ಮತ್ತೆ ದೂರ ಸರಿಯಬೇಕು.

"ನಾಳೆ ನಿಮ್ಮ ಲ್ಯಾಬಿನೋರನ್ನ ನಾಲ್ಕು ಜನಾನ ಅಂಗಡಿಗೆ ಕರ್ಕೊಂಡು ಬಾ," ಎಂದಳು ಗಂಟೆಯಕ್ಕ. "ಒಂದು ಸೌಟು ತಗೊಂಡ್ರೂ ಸಾಕು. ನೋಟು ಕೊಡಿ. ನಾನು ಕೂಗ್ತೀನಿ. ಯಜಮಾನ್ರಿಗೂ ಕೇಳ್ಸುತ್ತೆ, ಸಾಲಲ್ಲಿರೋರಿಗೂ ಬುದ್ಧಿ ಬರುತ್ತೆ."

ಸೊಸೆ ಬೆಡ್‌ಶೀಟನ್ನು ಕೊಡವಿದಳು.

"ಬರ್ತೀಯಾ?"

"ಇಲ್ಲ ಅತ್ತೆ."

"ರಜೆ ಸಿಗಲ್ವಾ?"

"ರಜೆ ಅಲ್ಲ. ನಾನು ಆ ಗಲ್ಲಾದ ಮುಂದೆ ನಿಲ್ಲಲ್ಲ."

"ಅದೇ ಕೇಳ್ತಿದೀನಿ ನಾನೂ! ಮದುವೆಯಾಗಿ ಬಂದಾಗಿಂದ ಒಂದು ದಿನ ಅಂಗಡಿ ಮೆಟ್ಟಿಲು ಹತ್ತಿಲ್ಲ ನೀನು. ಈ ಬೆಡ್‌ಶೀಟು ತಂದಿದ್ದು ಎಲ್ಲಿಂದ? ಆ ಎದುರಂಗಡಿಯಿಂದ. ಅದೂ ಕಾರ್ಡಲ್ಲಿ! ಸ್ವಂತ ಸೊಸೆ! ಏನು ಮಾಡಿದೀನಮ್ಮಾ ನಿಂಗೆ?"

ಪಕ್ಕದ ತಾರಸಿಯಲ್ಲಿ ಯಾರೋ ತಿರುಗಿ ನೋಡಿದರು. ಸೊಸೆ ಮಡಿಕೆ ಹಿಡಿದು ಹತ್ತಿರ ಬಂದವಳು ಹಿಂದೆ ಸರಿಯಲಿಲ್ಲ, ಅಲ್ಲೇ ನಿಂತು ಮೆಲ್ಲಗೆ ಹೇಳಿದಳು:

"ಮೆಟ್ಟಿಲಿಗೆ ಬಣ್ಣ ಬಳಿದ ದಿನ ನನ್ನ ಮೊದಲು ನೋಡಿದ್ದು ಅಂತ ಎಲ್ರಿಗೂ ಹೇಳ್ತೀರಲ್ಲ ಅತ್ತೆ. ಅದು ಮೊದಲ ಸಲ ಅಲ್ಲ."

ಗಂಟೆಯಕ್ಕ ಬಾಯಿ ತೆರೆದಳು. ಸೊಸೆ ಹೇಳುತ್ತಾ ಹೋದಳು. ಲ್ಯಾಬಿನ ಕೋರ್ಸಿಗೆ ಬೇರೆ ಊರಿನ ಹಾಸ್ಟೆಲಿಗೆ ಹೊರಟಿದ್ದ ವರ್ಷ. ಹಾಸಿಗೆ ಬಟ್ಟೆ ತರಲು ತಾಯಿ ಮಗಳು ಆ ಅಂಗಡಿಗೆ ಬಂದಿದ್ದರು. ಬೆಡ್‌ಶೀಟು, ದಿಂಬು, ಕೆಂಪು ಅಂಚಿನ ಒಂದು ಕಂಬಳಿ. ತಾಯಿ ಮನೆಯಲ್ಲೇ ಲೆಕ್ಕ ಹಾಕಿ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ತಂದಿದ್ದಳು. ದಿಂಬಿನ ಬೆಲೆ ಅಷ್ಟರಲ್ಲಿ ಏರಿತ್ತು.

"'ಅರವತ್ತು ಕಮ್ಮಿ! ಕಂಬಳಿ ವಾಪಸ್!' ಅಂದ್ರಿ ನೀವು. ಆ ಎತ್ತರದ ಮನುಷ್ಯ ಬಂದು ಅಮ್ಮನ ಕೈಯಿಂದ ಕಂಬಳಿ ತಗೊಂಡು ಹೋದ್ರು. ಆಮೇಲೆ ನೀವು ಅಂದ್ರಿ, 'ಚಳಿಗೆ ಅಮ್ಮನ ಮಡಿಲಿದೆ ಬಿಡು ಮಗೂ, ಅದಕ್ಕೆ ಬಿಲ್ಲಿಲ್ಲ!' ಎಲ್ರೂ ನಕ್ರು. ನಮ್ಮ ಹಿಂದೆ ನಿಂತಿದ್ದವ್ರು ಅಮ್ಮನ ಹತ್ರ ಬಟ್ಟೆ ಹೊಲಿಸೋರು, ಅವ್ರೂ ನಕ್ರು." ಸೊಸೆ ಬಟ್ಟೆಯ ಅಂಚು ಸರಿಮಾಡಿದಳು. "ಅಮ್ಮನೂ ನಕ್ಕಳು ಅತ್ತೆ. ಅದೇ ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿರೋದು."

ಗಂಟೆಯಕ್ಕ ನೆನಪಿಸಿಕೊಳ್ಳಲು ಯತ್ನಿಸಿದಳು. ಆ ತಮಾಷೆ ನೆನಪಿತ್ತು. ಪ್ರತಿ ಚಳಿಗಾಲಕ್ಕೂ ಕಂಬಳಿ ವಾಪಸಾದಾಗಲೆಲ್ಲ ಅದನ್ನು ಅವಳು ಹೇಳಿದ್ದಳು, ಹೇಳಿದಾಗಲೆಲ್ಲ ಜನ ನಕ್ಕಿದ್ದರು. ಆದರೆ ಕಂಬಳಿ ವಾಪಸು ಕೊಟ್ಟವರ ಒಂದು ಮುಖವೂ ಕಣ್ಣಮುಂದೆ ಬರಲಿಲ್ಲ. ಎಷ್ಟು ತಡಕಿದರೂ ಒಂದೂ ಇಲ್ಲ.

"ನಂಗೆ... ನೆನಪೇ ಇಲ್ವಲ್ಲೇ," ಎಂದಳು.

"ಗೊತ್ತು. ನೀವು ಅವತ್ತು ಅಮ್ಮನ್ನ ಎಲ್ಲೋ ನೋಡಿದ ಹಾಗಿದೆ ಅಂದಾಗ್ಲೇ ಗೊತ್ತಾಯ್ತು."

ಇಬ್ಬರ ಕೈಯಲ್ಲೂ ಅರ್ಧ ಮಡಿಸಿದ ಬಟ್ಟೆ ಹಾಗೇ ಇತ್ತು.

"ಆಮೇಲೆ ಅಮ್ಮ ಬ್ಯಾಂಕಿಗೆ ಅಲೆದಲೆದು ಒಂದು ಕಾರ್ಡು ಮಾಡಿಸ್ಕೊಂಡಳು. ನೋಟು ಕಮ್ಮಿ ಆದ್ರೆ ನಮ್ಮ ಮಾನ ಹೋಗುತ್ತೆ. ಕಾರ್ಡು ಆಗಲಿಲ್ಲ ಅಂದ್ರೆ ಲೈನ್ ಇಲ್ಲ, ಯಂತ್ರ ಕೆಟ್ಟಿದೆ ಅನ್ನಬಹುದು. ಬಡ್ಡಿ ಜಾಸ್ತಿ ಅಂತ ನಾನು ಬೈತೀನಿ. ಅದಕ್ಕೆ ಏನಂತಾಳೆ ಗೊತ್ತಾ? 'ಬಡ್ಡಿಯನ್ನ ಒಬ್ಬಳೇ ಕಟ್ತೀನಿ ಕಣೇ, ಯಾರೂ ನೋಡಲ್ಲ' ಅಂತಾಳೆ."

ಗಂಟೆಯಕ್ಕನ ಕಿವಿಯ ಹಿಂದೆ ಬಿಸಿ ಏರಿತು. ಪೊಟ್ಟಣ ಎತ್ತಿಕೊಂಡು ಉತ್ತರ ಹೇಳದೆ ಹೋದವರ ಕೆಂಪು ಕಿವಿಗಳು ಒಂದೊಂದಾಗಿ ನೆನಪಾದವು.

"ಇಷ್ಟೆಲ್ಲ ಆಗಿದ್ದೂ ಈ ಮನೆಗೆ ಯಾಕೆ ಬಂದೆ ನೀನು?"

"ನಿಮ್ಮ ಮಗ ಮೆಲ್ಲಗೆ ಮಾತಾಡ್ತಾರೆ," ಎಂದು ಸೊಸೆ ಬಟ್ಟೆಯ ಕೊನೆಯ ಮಡಿಕೆ ಹಾಕಿದಳು. "ಅಮ್ಮ ಮೊದಲು ಒಪ್ಪಿರಲಿಲ್ಲ. ಆಮೇಲೆ ಒಂದು ಮಾತು ತಗೊಂಡು ಒಪ್ಪಿದಳು. ಆ ಸುದ್ದಿ ಎತ್ತಬಾರದು ಅಂತ. ನಾನು ಇವತ್ತು ಎತ್ತಿಬಿಟ್ಟೆ. ನೀವು ಎತ್ತಬೇಡಿ ಅತ್ತೆ. ದಮ್ಮಯ್ಯ."

ಗಂಟೆಯಕ್ಕ ತಲೆಯಾಡಿಸಿದಳು. ಆದರೆ ರಾತ್ರಿ ಊಟ ಸೇರಲಿಲ್ಲ. ತಪ್ಪು ಮಾಡಿದ ಮೇಲೆ ಹೋಗಿ ಒಪ್ಪಿಕೊಳ್ಳದೆ ಸುಮ್ಮನಿರುವುದಕ್ಕೆ ಅವಳ ಜೀವ ಒಪ್ಪಲಿಲ್ಲ. ಬೀಗಿತ್ತಿಯ ಕೈ ಹಿಡಿದು ಒಂದು ಮಾತು ಹೇಳಿಬಿಟ್ಟರೆ ಎದೆಯ ಭಾರ ಇಳಿದೀತು ಎನಿಸಿತು. ಯಾರ ಎದೆಯದು ಎಂದು ಯೋಚಿಸಲಿಲ್ಲ.

ಸೋಮವಾರ ಅಂಗಡಿಗೆ ಹೋಗುವ ಮುಂಚೆ ದರ್ಜಿ ಅಂಗಡಿಯ ಕಡೆ ತಿರುಗಿದಳು. ಮೆಲ್ಲಗೆ ಹೇಳಬೇಕು, ಮೆಲ್ಲಗೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಪಾಠ ಹೇಳಿಕೊಂಡಳು. ತುಟಿ ಹೆಚ್ಚು ತೆರೆಯದೆ ಮಾತಾಡಿ ಅಭ್ಯಾಸ ಮಾಡಿದಳು, ಎದುರಿಗೆ ಬಂದ ಹಾಲಿನವನು ತನಗೇ ಏನೋ ಅಂದಳೆಂದು "ಏನಕ್ಕಾ?" ಎಂದು ನಿಂತ.

ಚಿಕ್ಕ ಕೋಣೆ. ಗೋಡೆಯ ಮೊಳೆಗಳಿಗೆ ಶರ್ಟು, ಕೋಟು, ಮಕ್ಕಳ ಅಂಗಿಗಳು ಚೀಟಿ ಕಟ್ಟಿಸಿಕೊಂಡು ನೇತಾಡುತ್ತಿದ್ದವು. ದರ್ಜಿ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಹೊಲಿಗೆ ಯಂತ್ರ ಓಡಿಸುತ್ತಿದ್ದಳು. ಬೆಂಚಿನ ಮೇಲೆ ಇಬ್ಬರು ಹೆಂಗಸರು ತಮ್ಮ ಬಟ್ಟೆಗಾಗಿ ಕಾದಿದ್ದರು. ಯಂತ್ರ ಕಟಕಟ ಸದ್ದು ಮಾಡುತ್ತಿತ್ತು. ಸದ್ದಿರುವ ಕಡೆ ದನಿ ಏರಿಸುವುದು ಗಂಟೆಯಕ್ಕನಿಗೆ ಉಸಿರಾಟದ ಹಾಗೆ. ಪಾಠವೆಲ್ಲ ಎಲ್ಲೋ ಹೋಯಿತು.

ಅವಳು ಬಾಯಿ ತೆರೆಯುವುದಕ್ಕೂ, ಯಾರೋ ಬಂದರೆಂದು ದರ್ಜಿ ಯಂತ್ರ ನಿಲ್ಲಿಸುವುದಕ್ಕೂ ಸರಿಹೋಯಿತು.

"ಬೀಗಿತ್ತಿಯವ್ರೇ, ಅವತ್ತು ಅರವತ್ತು ಕಮ್ಮಿ ಆಯ್ತು ಅಂತ ಕಂಬಳಿ ವಾಪಸ್ ಇಸ್ಕೊಂಡ್ನಲ್ಲ, ಅದು ನನ್ನ ತಪ್ಪು!"

ನಿಶ್ಶಬ್ದವಾದ ಕೋಣೆಯಲ್ಲಿ ಆ ಮಾತು ಖಣಖಣ ಎಂದಿತು. ಹೊರಗೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವನೂ ತಲೆಯೆತ್ತಿದ. ಬೆಂಚಿನ ಮೇಲಿದ್ದ ಇಬ್ಬರೂ ದರ್ಜಿಯ ಮುಖ ನೋಡಿದರು.

ದರ್ಜಿ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿನ ಮೆತ್ತೆಗೆ ಚುಚ್ಚಿದಳು. ಕುತ್ತಿಗೆಯ ನರವೊಂದು ಎದ್ದು ನಿಂತಿತ್ತು. ದನಿಯಲ್ಲಿ ಮಾತ್ರ ಏನೂ ಇರಲಿಲ್ಲ.

"ನೀವು ಯಾರನ್ನೋ ನೆನೆಸ್ಕೊಂಡು ಇಲ್ಲಿಗೆ ಬಂದಿದೀರಿ. ನಾನು ನಿಮ್ಮ ಅಂಗಡಿಗೆ ಬಂದೇ ಇಲ್ವಲ್ಲಾ."

"ಏನು ಕಂಬಳಿ?" ಎಂದಳು ಬೆಂಚಿನವಳೊಬ್ಬಳು.

"ಏನಿಲ್ಲ ಬಿಡಿ. ನಮ್ಮ ಬೀಗಿತ್ತಿ, ದೊಡ್ಡ ಅಂಗಡೀಲಿ ಗಲ್ಲಾದಲ್ಲಿ ಕೂರ್ತಾರೆ. ದಿನಾ ಎಷ್ಟು ಜನ ಬರ್ತಾರೋ ಏನೋ, ಯಾರು ಯಾರು ಅಂತ ನೆನಪಿರೋಕಾಗುತ್ತಾ?"

ಗಂಟೆಯಕ್ಕನ ಕಣ್ಣು ದರ್ಜಿಯ ಕಣ್ಣನ್ನು ಸಂಧಿಸಿತು. ಅಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ದಯವಿಟ್ಟು ಸಾಕುಮಾಡು ಎಂಬ ಒಂದು ಬೇಡಿಕೆಯಿತ್ತು. ತಾನು ಮತ್ತೊಮ್ಮೆ ಕೂಗಿಬಿಟ್ಟಿದ್ದೆ, ಈ ಸಲ ಆಕೆಯ ಅಂಗಡಿಯಲ್ಲೇ, ಆಕೆಗೆ ಅನ್ನ ಕೊಡುವ ಗಿರಾಕಿಗಳ ಎದುರಲ್ಲೇ ಎಂಬುದು ಗಂಟೆಯಕ್ಕನಿಗೆ ಆಗ ಹೊಳೆಯಿತು. ನಿಂತ ನೆಲ ಬಾಯಿಬಿಡಬಾರದೇ ಎನಿಸಿತು.

"ಹೌದು," ಎಂದಳು. ತನ್ನ ದನಿ ಅಷ್ಟು ಸಣ್ಣಗೆ ಹೊರಟದ್ದನ್ನು ಅವಳೇ ಹಿಂದೆಂದೂ ಕೇಳಿರಲಿಲ್ಲ. "ಬೇರೆ ಯಾರೋ ಇರಬೇಕು. ನಂದೇ ಕಲಸುಮೇಲೋಗರ ಆಗಿದೆ."

"ಚಹಾ ಕುಡಿದು ಹೋಗ್ತೀರಾ?"

"ಬೇಡ, ಅಂಗಡಿಗೆ ಹೊತ್ತಾಯ್ತು."

ಹಿಂದಿನಿಂದ ಯಂತ್ರದ ಕಟಕಟ ಮತ್ತೆ ಶುರುವಾಯಿತು. ಮೊದಲಿಗಿಂತ ವೇಗವಾಗಿ ಓಡುತ್ತಿತ್ತು.

ಅಂದು ಗಲ್ಲಾಕ್ಕೆ ಮೊದಲು ಬಂದವನು ಕೂಲಿಯವನು. ಸಣ್ಣದೊಂದು ಸ್ಟೌ ಹಿಡಿದುಕೊಂಡಿದ್ದ. ಮುದುರಿದ ನೋಟುಗಳನ್ನು ಬಿಡಿಸಿ ಬಿಡಿಸಿ ಕೊಟ್ಟ. ಸರಿಯಾಗಿತ್ತು. ಆದರೂ ಅವಳು ಕೂಗಲಿಲ್ಲ. ಬಿಲ್ಲು ಹರಿದು ಕೊಟ್ಟು ತಲೆಯಾಡಿಸಿದಳು.

ಮೇಲಿನ ಕಿಟಕಿ ಸರಿಯಿತು. "ಏನಮ್ಮಾ? ಗಂಟಲು ಕಟ್ಟಿದೆಯಾ?"

ಅವಳು ಗಲ್ಲಾಕ್ಕೆ ಬೀಗ ಹಾಕಿ, ಏಣಿಯಣ್ಣನಿಗೆ ನೋಡಿಕೊಳ್ಳಲು ಹೇಳಿ, ಅಟ್ಟ ಹತ್ತಿದಳು. ಸುಳ್ಳು ಹೇಳಬಹುದಿತ್ತು. ಪಾಯಿಂಟು ಎನ್ನಬಹುದಿತ್ತು, ನಾವೂ ನೋಟಿಗೆ ಏನಾದರೂ ಉಡುಗೊರೆ ಕೊಡೋಣ ಎಂದಿದ್ದರೆ ಯಜಮಾನರು ಇನ್ನಷ್ಟು ಕಾಲ ಸುಮ್ಮನಿರುತ್ತಿದ್ದರು, ಕುರ್ಚಿ ಉಳಿಯುತ್ತಿತ್ತು. ಮೆಟ್ಟಿಲು ಹತ್ತುವಾಗ ಅದೆಲ್ಲ ಅವಳ ತಲೆಯಲ್ಲಿ ಬಂದುಹೋಯಿತು.

"ಕಾರಣ ಗೊತ್ತಾಯ್ತು ಯಜಮಾನ್ರೇ."

"ಹೇಳು."

"ನಾನು ಕೂಗ್ತೀನಲ್ಲ, ಅದಕ್ಕೆ."

ಯಜಮಾನರು ಮಂಜುಗಣ್ಣನ್ನು ಅವಳ ದನಿಯತ್ತ ತಿರುಗಿಸಿದರು. "ಪಾಯಿಂಟು, ಚಿಲ್ಲರೆ ಅಂತೇನೋ ಅಂದ್ರಂತೆ ಜನ?"

"ಅದೂ ಇರುತ್ತೆ. ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಹೇಗೆ ಹೇಳ್ತಾರೆ? ದುಡ್ಡು ಸಾಲಲಿಲ್ಲ ಅಂತ ನಾಲ್ಕು ಜನಕ್ಕೆ ಗೊತ್ತಾಗಬಾರದು ಅಂತಲೇ ಕಾರ್ಡು ತರೋದು."

"ನಾನು ಕೂಗ್ಸಿದ್ದು ಕಳ್ಳನ್ನ ಹಿಡಿಯೋಕಮ್ಮಾ."

"ಗೊತ್ತು. ಆದ್ರೆ ಸಿಕ್ಕಿಬಿದ್ದೋರು ಬೇರೆ."

ಅವರು ಮೇಜಿನ ಮೇಲಿನ ಭೂತಗನ್ನಡಿಯನ್ನು ಆಚೆ ಈಚೆ ಸರಿಸಿದರು. ಕೊನೆಗೆ, "ಕೂಗು ನಿಲ್ಲಿಸಿದ್ರೆ ಗಲ್ಲಾದಲ್ಲಿ ನಿನ್ನನ್ನ ಇಟ್ಕೊಂಡು ನಾನೇನು ಮಾಡ್ಲಿ?" ಎಂದರು. ಗದರಿಕೆಯಲ್ಲ, ನಿಜವಾಗಿಯೂ ಅವರಿಗೆ ತಿಳಿಯದೆ ಕೇಳಿದ ಹಾಗಿತ್ತು.

"ಬೇರೆ ಎಲ್ಲಾದ್ರೂ ಹಾಕಿ. ಮಾತಿಲ್ಲದ ಕಡೆ."

ಮುಂದಿನ ವಾರದಿಂದ ಯಜಮಾನರ ಅಣ್ಣನ ಮಗಳು ಗಲ್ಲಾದಲ್ಲಿ ಕೂತಳು. ಕೂಗು ನಿಂತಿತು. ಅಂಗಡಿಯಲ್ಲಿ ಫ್ಯಾನಿನ ಸದ್ದು ಕೇಳಿಸತೊಡಗಿತು. ಕೂಗು ನಿಂತ ಮೇಲೂ ಜನ ಕಾರ್ಡನ್ನೇ ಕೊಟ್ಟರು. ಏಣಿಯಣ್ಣ ಅದನ್ನು ಗಮನಿಸಿ ಅವಳ ಬಳಿ ಬಂದ. "ನೋಡು ತಂಗಿ, ಕೂಗಿಲ್ಲದೆಯೂ ಕಾರ್ಡೇ. ನೀನು ಸುಮ್ಮನೆ ಎಲ್ಲಾನೂ ಮೈಮೇಲೆ ಎಳ್ಕೊಂಡೆ. ಹಾಗೆ ನೋಡಿದ್ರೆ 'ವಾಪಸ್ ಬಂತು' ಅಂದಿದ್ದು ನಾನು. ಜನರ ಕೈಯಿಂದ ಸಾಮಾನು ಕಿತ್ಕೊಂಡು ಹೋಗಿದ್ದೂ ನಾನೇ." ಅವನು ನಗಿಸಲೆಂದು ಶುರುಮಾಡಿದ್ದ. ಮಾತು ಮುಗಿಸುವಷ್ಟರಲ್ಲಿ ಅವನ ಮುಖವೂ ಇಳಿದಿತ್ತು.

ದರ್ಜಿ ಅಂಗಡಿಯಲ್ಲಿ ನಡೆದದ್ದು ಸೊಸೆಯ ಕಿವಿಗೂ ಬಿತ್ತು. ಅವಳು ಜಗಳವಾಡಲಿಲ್ಲ. ಒಂದು ಸಂಜೆ ಪಾತ್ರೆ ಒರೆಸುತ್ತಾ, ಅತ್ತೆಯ ಕಡೆ ತಿರುಗದೆ, "ಎತ್ತಬೇಡಿ ಅಂದಿದ್ದೆ," ಎಂದಳು, ಅಷ್ಟೇ. ಗಂಟೆಯಕ್ಕ ಇನ್ನೊಂದು ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತು ತಾನೂ ಒರೆಸತೊಡಗಿದಳು. ತಪ್ಪಾಯಿತು ಎನ್ನಲು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಆ ಮಾತನ್ನು ಯಾವ ದನಿಯಲ್ಲಿ ಹೇಳಬೇಕೆಂದು ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ. ದರ್ಜಿ ಮಗಳ ಮನೆಗೆ ಬಂದಾಗ ಈಗಲೂ ಬೀಗಿತ್ತಿಯ ಕುಶಲ ಕೇಳುತ್ತಾಳೆ, ಚಹಾ ಕುಡಿಯುತ್ತಾಳೆ, ಬೇಗ ಏಳುತ್ತಾಳೆ.

ಗಂಟೆಯಕ್ಕ ಈಗ ಅದೇ ಅಂಗಡಿಯ ಹಿಂಭಾಗದಲ್ಲಿ, ಗಾಜಿನ ಸಾಮಾನು ಕಟ್ಟುವ ಮೇಜಿನ ಬಳಿ ಕೆಲಸ ಮಾಡುತ್ತಾಳೆ. ಲೋಟ, ಬಟ್ಟಲುಗಳಿಗೆ ಹಳೆಯ ಪೇಪರು ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಒತ್ತಾಗಿ ಜೋಡಿಸಿ, ದಾರ ಬಿಗಿದು, ಗಿರಾಕಿಯ ಕೈಗೆ ಕೊಡುತ್ತಾಳೆ.